ಎವಜ್ ಮುಚ್ಚಿಟ್ಟು ಹೋದ ರವಾಶ್

ಎವಜ್ ತೀರಿಕೊಂಡ ಸುದ್ದಿ ಅವನ ತಂಗಿ ಜೇವರ್‌ಗೆ ಮುಟ್ಟಿದಾಗ ಅವಳು ತಂದೂರಿನ ಒಳಗೋಡೆಗೆ ಕೊನೆಯ ರೊಟ್ಟಿ ತಟ್ಟುತ್ತಿದ್ದಳು. ತೊರೆಯ ಆಚೆ ದಡದಲ್ಲಿ ಅವಳ ತವರು. ಅಲ್ಲಿನ ನೆರೆಯವನಾದ ನೌರೂಜ್ ಅಂಗಳದ ಗೋಡೆಯ ಹೊರಗೇ ಕತ್ತೆಯಿಂದ ಇಳಿದು ನಿಂತ. ಬೇರೆ ದಿನವಾಗಿದ್ದರೆ ದೂರದಿಂದಲೇ ಸಲಾಂ ಕೂಗಿ, ರೊಟ್ಟಿಯ ವಾಸನೆ ತನ್ನನ್ನು ಮೂಗು ಹಿಡಿದು ಎಳೆದುಕೊಂಡು ಬಂತು ಎಂದು ನಗುತ್ತಿದ್ದವನು. ಅಂದು ಸಲಾಂ ಹೇಳಲಿಲ್ಲ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದ.

"ಯಾರು?" ಎಂದು ಕೇಳಿದಳು ಜೇವರ್.

"ಎವಜಣ್ಣ," ಎಂದ ನೌರೂಜ್. "ಬೆಳಗಿನ ನಮಾಜಿಗೆ ಕೂತವರು ಏಳಲಿಲ್ಲ ಅಕ್ಕಾ."

ಜೇವರ್ ಅಳಲಿಲ್ಲ. ಮೊಣಕೈವರೆಗೆ ಮೆತ್ತಿದ ಹಿಟ್ಟನ್ನು ನಿಧಾನವಾಗಿ ಉಜ್ಜಿ ತೆಗೆದಳು. ಸೊಸೆ ಒಳಗಿನಿಂದ ಓಡಿ ಬಂದು, ತಂದೂರಿನಲ್ಲಿ ಕರಿಯಾಗುತ್ತಿದ್ದ ರೊಟ್ಟಿಯನ್ನು ಕಿತ್ತು ಹೊರಗೆ ಹಾಕಿ, ಅತ್ತೆಯ ಹೆಗಲಿಗೆ ಕಪ್ಪು ಚಾದರ ಹೊದಿಸಿದಳು. ಜೇವರ್‌ಗಿದ್ದವನು ಒಬ್ಬನೇ ಅಣ್ಣ. ಅಪ್ಪ ಅಮ್ಮ ಹೋದ ಮೇಲೆ ತವರು ಎಂದರೆ ಅವನೇ ಆಗಿದ್ದ. ತೊರೆ ದಾಟುವಾಗ ನೀರು ಮೊಣಕಾಲಿಗೆ ಬಡಿದು ಕೊರೆಯಿತು. ಅದೂ ಅವಳಿಗೆ ತಿಳಿಯಲಿಲ್ಲ.

ಮನೆಯ ತುಂಬ ಜನ. ಗಂಡಸರು ಅಂಗಳದಲ್ಲಿ, ಹೆಂಗಸರು ಒಳಗೆ. ಎವಜ್‌ನ ಹೆಂಡತಿ ಗುಲಂದಾಮ್ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದಳು. ನಾದಿನಿಯನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕುಳಿತರು. ಮೈ ತೊಳೆದು, ಬಿಳಿಯ ಬಟ್ಟೆ ಸುತ್ತಿ, ಹೆಣವನ್ನು ಅಂಗಳದಲ್ಲಿ ಇಳಿಸಿದ ಮೇಲೆ ಮುಲ್ಲಾ ಎದ್ದು ನಿಂತ. ಹೊರುವ ಮುಂಚೆ ಕೇಳಲೇಬೇಕಾದ ಮಾತನ್ನು ಕೇಳಿದ.

"ಇವನು ನಿಮ್ಮಲ್ಲಿ ಯಾರಿಗಾದರೂ ಅನ್ಯಾಯ ಮಾಡಿದ್ದರೆ, ಯಾರದಾದರೂ ಹಕ್ಕು ಇವನ ಮೇಲೆ ಉಳಿದಿದ್ದರೆ, ಈಗ ಬಿಟ್ಟುಕೊಡಿ. ಇವನನ್ನು ಹಗುರ ಮಾಡಿ ಕಳಿಸಿ. ಬಿಟ್ಟುಕೊಟ್ಟಿರಾ?"

"ಬಿಟ್ಟುಕೊಟ್ಟೆವು," ಎಂದರು ಅಂಗಳದ ಗಂಡಸರು. "ಬಿಟ್ಟುಕೊಟ್ಟೆವು," ಎಂದರು ಒಳಗಿನ ಹೆಂಗಸರು.

ಜೇವರ್‌ಳ ತುಟಿ ಅಲುಗಿತು. ದನಿ ಬರಲಿಲ್ಲ. ಪಕ್ಕದಲ್ಲಿದ್ದ ಗುಲಂದಾಮ್ ಅವಳ ಕಡೆ ತಿರುಗಿ ನೋಡಲಿಲ್ಲ. ಆದರೆ ಅವಳ ಭುಜ ಬಿಗಿಯಾದದ್ದು ಜೇವರ್‌ಗೆ ತಿಳಿಯಿತು.

ಬಿಟ್ಟುಕೊಡಲಾಗದ ಆ ಹಕ್ಕಿನ ಸಂಗತಿ ಹಳೆಯದು.

ಬೆಟ್ಟ ಎಲ್ಲರದು. ಅಲ್ಲಿ ಹುಟ್ಟುವ, ಹುಳಿ ದಂಟಿನ ರವಾಶ್ ಗಿಡವೂ ಎಲ್ಲರದೇ, ಯಾರಾದರೂ ಅದರ ಮೇಲೆ ಕಲ್ಲು ಹೇರುವವರೆಗೆ. ಹಿಮ ಕರಗಿ ಅದರ ಕೆಂಪು ಮೊಗ್ಗು ನೆಲ ಸೀಳಿದ ಕೂಡಲೇ ಸುತ್ತ ಕಲ್ಲು ಜೋಡಿಸಿ, ಬೆಳಕು ನುಸುಳದ ಹಾಗೆ ಗುಪ್ಪೆ ಕಟ್ಟಬೇಕು. ಆಗ ದಂಟು ಕತ್ತಲಲ್ಲೇ ಬೆಳ್ಳಗೆ, ಮೆತ್ತಗೆ ಬೆಳೆದು, ಹುಳಿಯೊಳಗೆ ಒಂದಿಷ್ಟು ಸಿಹಿಯನ್ನೂ ಇಟ್ಟುಕೊಳ್ಳುತ್ತದೆ. ಕಲ್ಲು ಹೇರಿದವರೇ ಆ ಗಿಡಕ್ಕೆ ಒಡೆಯರು. ಒಬ್ಬರ ಕಲ್ಲನ್ನು ಇನ್ನೊಬ್ಬರು ಎತ್ತುವಂತಿಲ್ಲ. ಹಸಿದ ಕುರುಬ ಕೂಡ ಗುಪ್ಪೆಯನ್ನು ಬಳಸಿಕೊಂಡು ಮುಂದೆ ಹೋಗುತ್ತಾನೆ.

ಊರ ಮೇಲಿನ ನೆರಳಿನ ಇಳುಕಲಿನಲ್ಲಿ ಹಿಮ ತಡವಾಗಿ ಕರಗುತ್ತದೆ. ಅಲ್ಲಿನ ರವಾಶ್ ಎಲ್ಲಕ್ಕಿಂತ ತಡ, ಎಲ್ಲಕ್ಕಿಂತ ರುಚಿ. ಅಲ್ಲಿ ಅಪ್ಪ ಎರಡು ಸಾಲು ಗಿಡಗಳಿಗೆ ಕಲ್ಲು ಹೇರುತ್ತಿದ್ದ. ಮೇಲಿನ ಸಾಲು ಎವಜ್‌ಗೆ, ಕೆಳಗಿನದು ಜೇವರ್‌ಗೆ ಎಂದಿದ್ದ. ಜೇವರ್ ಆಗ ಇನ್ನೂ ಹುಡುಗಿ. ತೊರೆಯಿಂದ ಒಂದೊಂದೇ ಕಲ್ಲನ್ನು ಚಾದರದಲ್ಲಿ ಕಟ್ಟಿ ಬೆನ್ನ ಮೇಲೆ ಹೊತ್ತು ತಂದು ತನ್ನ ಸಾಲನ್ನು ತಾನೇ ಕಟ್ಟಿದ್ದಳು. ಮದುವೆಯಾಗಿ ತೊರೆ ದಾಟಿದ ವರ್ಷವೇ ಅಪ್ಪ ಹೋದ. ಮರುವರ್ಷ ಹಿಮ ಕರಗಿದಾಗ ತವರಿಗೆ ಬಂದು, ತನ್ನ ಗುಪ್ಪೆಗಳನ್ನು ತಾನೇ ಕಟ್ಟಿ ಹೋದಳು. ದಂಟು ಬಲಿಯುವ ಹೊತ್ತಿಗೆ ಸೆರಗಿನ ತುದಿಯಲ್ಲಿ ಉಪ್ಪು ಕಟ್ಟಿಕೊಂಡು ಮತ್ತೆ ಇಳುಕಲು ಹತ್ತಿದಳು. ಕೆಳಗಿನ ಸಾಲಿನಲ್ಲಿ ಒಂದು ಕಲ್ಲೂ ಇರಲಿಲ್ಲ. ಗಿಡಗಳು ಬಿಸಿಲಿಗೆ ಹಸಿರಾಗಿ ಗಡುಸಾಗಿ ನಿಂತಿದ್ದವು. ಮೇಲಿನ ಸಾಲಿನ ಗುಪ್ಪೆಗಳು ಮಾತ್ರ ಎತ್ತರವಾಗಿದ್ದವು. ಕೇಳಿದ್ದಕ್ಕೆ ಎವಜ್, "ತೊರೆ ದಾಟಿ ಹೋದವಳ ಕಲ್ಲಿಗೆ ಇಲ್ಲೇನು ಕೆಲಸ?" ಎಂದಿದ್ದ. ಜೇವರ್ ಉಪ್ಪಿನ ಗಂಟು ಬಿಚ್ಚದೆ ಇಳಿದು ಬಂದಳು.

ಆಮೇಲೆ ಜಗಳವಾಗಲಿಲ್ಲ. ಈದ್‌ಗೆ ಹೋಗಿಬಂದರು, ಮದುವೆಗಳಲ್ಲಿ ಒಂದೇ ತಟ್ಟೆಯಲ್ಲಿ ಉಂಡರು. ವರ್ಷ ವರ್ಷ ಎವಜ್ ಒಂದು ಕಟ್ಟು ರವಾಶ್ ಕಳಿಸುತ್ತಿದ್ದ. ಮನೆಯವರೆಲ್ಲ ಸಿಪ್ಪೆ ಸುಲಿದು, ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದರು. ಮಾಂಸದ ಜೊತೆ ಬೇಯಿಸುತ್ತಿದ್ದರು. ಜೇವರ್ ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದಳು. ಹುಳಿ ತನಗೆ ಆಗುವುದಿಲ್ಲ ಎಂದು ಸೊಸೆಯಂದಿರು ನಂಬುವಂತೆ ಹೇಳಿಟ್ಟಿದ್ದಳು.

ನಲವತ್ತನೆಯ ದಿನದ ಹಲ್ವಾ ಹಂಚಿ ಮುಗಿದ ಮೇಲೆ ಒಂದು ಮಧ್ಯಾಹ್ನ ಗುಲಂದಾಮ್ ತೊರೆ ದಾಟಿ ಬಂದಳು. ಚಹಾ ಬೇಡವೇ ಬೇಡ ಎಂದು ಕುಳಿತವಳು ಬಟ್ಟಲಿನ ಮೇಲೆ ಬಟ್ಟಲು ಕುಡಿದಳು. ಸಾಕೆಂದು ಬಟ್ಟಲನ್ನು ಬೋರಲು ಹಾಕಿದ ಮೇಲೆ ಮಾತು ತೆಗೆದಳು.

"ನಿಮ್ಮಣ್ಣ ಕಟ್ಟಿದ ಗುಪ್ಪೆಗಳು ಹಾಗೇ ಇವೆ ಜೇವರ್. ಕಟ್ಟಿ ಬಂದ ವಾರಕ್ಕೇ ಹೊರಟುಬಿಟ್ಟರು. ಅಳೋದ್ರಲ್ಲಿ ಕಾಲ ಮೀರಿಹೋಯ್ತು. ಇನ್ನೂ ಬಿಟ್ಟರೆ ಒಳಗೇ ಕೊಳೆತು ಗಿಡದ ಬೇರೇ ಸಾಯ್ತದೆ."

"ಊರಲ್ಲಿ ಗಂಡಸರಿಲ್ವಾ ಅತ್ತಿಗೆ?"

"ಸತ್ತವರ ಕಲ್ಲನ್ನ ಯಾವ ಗಂಡಸು ಮುಟ್ತಾನೆ? ರಕ್ತ ಹಂಚಿಕೊಂಡವರೇ ಎತ್ತಬೇಕು. ನನ್ನ ಹೊಟ್ಟೇಲಿ ಒಂದೂ ಹುಟ್ಟಲಿಲ್ಲ ಅನ್ನೋದು ನಿನಗೆ ಗೊತ್ತಿಲ್ಲದ್ದಾ? ಉಳಿದವಳು ನೀನೊಬ್ಬಳೇ."

"ನನಗೆ ಮೊಣಕಾಲು ನೋವು."

"ಕತ್ತೆ ತಂದಿದ್ದೀನಿ."

"ಆ ಕತ್ತೆಗೆ ವಯಸ್ಸಾಗಿದೆ."

"ನಮ್ಮಿಬ್ಬರಿಗಿಂತ ಚಿಕ್ಕದು. ನಮಗಿಂತ ಹಲ್ಲೂ ಜಾಸ್ತಿ ಇದೆ."

ಜೇವರ್ ನಗಲಿಲ್ಲ. ಗುಲಂದಾಮ್ ದನಿ ತಗ್ಗಿಸಿದಳು.

"ಅವತ್ತು ನೀನು ಹೇಳಲಿಲ್ಲ."

"ಏನು ಹೇಳಲಿಲ್ಲ? ಎಲ್ಲರ ಜೊತೆ ನಾನೂ..."

"ಲೇ, ಮೂಗನ ಹಾಗೆ ಬಾಯಿ ಮುಚ್ಚಿಕೊಂಡು ಇರೋ ಗಂಡನ ಜೊತೆ ಬಾಳಿದವಳು ನಾನು. ಹೇಳದೆ ಉಳಿದ ಮಾತು ನನಗೆ ಎಲ್ಲರಿಗಿಂತ ಮೊದಲು ಕೇಳಿಸ್ತದೆ." ಅವಳ ಕಣ್ಣು ತುಂಬಿ ಬಂದವು. "ಖುದಾ ತನ್ನ ಬಾಕೀನ ತಾನು ಬಿಡ್ತಾನೆ. ಮನುಷ್ಯರ ಬಾಕೀನ ಮನುಷ್ಯರೇ ಬಿಡಬೇಕು. ನೀನು ಬಿಡೋವರೆಗೂ ಅವರು ಅಲ್ಲಿ ಹೊರಗೇ ನಿಂತಿರ್ತಾರೆ ಕಣೇ. ನನಗೆ ಅನ್ನ ಇಳಿಯೋದಿಲ್ಲ."

ಅದು ಜೇವರ್‌ಗೆ ತಿಳಿಯದ ಮಾತಲ್ಲ. ಪ್ರತಿ ನಮಾಜು ಮುಗಿದ ಮೇಲೂ ಆ ಒಂದು ಮಾತನ್ನು ಆಡಲು ಅವಳು ಹೆಣಗುತ್ತಿದ್ದಳು. ನಾಲಿಗೆ ಹೊರಳುತ್ತಿತ್ತು, ಮನಸ್ಸು ಮಾತ್ರ ಕುಳಿತಲ್ಲೇ ಕುಳಿತಿರುತ್ತಿತ್ತು. ಮನಸ್ಸಿಲ್ಲದ ಮಾತನ್ನು ದೇವರ ಮುಂದೆ ಇಟ್ಟರೆ ಅದು ಇನ್ನೊಂದು ಪಾಪ. ಅಣ್ಣನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವನಿಗಾಗಿ ಅತ್ತು ಅತ್ತು ಅವಳ ಕಣ್ಣು ಮಂಜಾಗಿದ್ದವು. ಪ್ರೀತಿಯೂ ಆ ನೋವೂ ಒಂದೇ ಎದೆಯಲ್ಲಿ, ಒಂದಕ್ಕೊಂದು ದಾರಿ ಬಿಡದೆ ನಿಂತಿದ್ದವು.

"ನಾಳೆ ಬೆಳಿಗ್ಗೆ ಬರ್ತೀನಿ," ಎಂದಳು ಕೊನೆಗೆ. "ಗಿಡ ಸಾಯಬಾರದು, ಅದಕ್ಕೆ."

"ಅದಕ್ಕೇ," ಎಂದಳು ಗುಲಂದಾಮ್.

ಮರುದಿನ ಬಿಸಿಲು ಇಳುಕಲಿಗೆ ತಾಗುವ ಮೊದಲೇ ಇಬ್ಬರೂ ಹೊರಟರು. ಕತ್ತೆಯ ಮೇಲೆ ಒಬ್ಬರು ಕುಳಿತರೆ ಇನ್ನೊಬ್ಬರು ಬಾಲ ಹಿಡಿದು ನಡೆಯುವುದು, ಸುಸ್ತಾದಾಗ ಬದಲಾಯಿಸಿಕೊಳ್ಳುವುದು. ಅರ್ಧ ದಾರಿಯಲ್ಲಿ ಕತ್ತೆ ಮುಂದಕ್ಕೆ ಹೋಗಲಾರೆನೆಂದು ನಿಂತುಬಿಟ್ಟಿತು.

"ಇದು ನಿಮ್ಮಣ್ಣನ ಹತ್ತಿರವೇ ಕಲಿತದ್ದು," ಎಂದಳು ಗುಲಂದಾಮ್. "ಬೇಡ ಅಂದರೆ ಬೇಡ."

"ಅಣ್ಣನನ್ನ ತಳ್ಳಿದರೆ ನಡೀತಿದ್ದರಾ?"

"ಇಲ್ಲ. ಬೇರೆ ಕಡೆಗೆ ಎಳೆದರೆ ಮಾತ್ರ ಇತ್ತ ಬರ್ತಿದ್ದರು."

ಕತ್ತೆಯ ಹಗ್ಗವನ್ನು ಕೆಳಗಿನ ದಿಕ್ಕಿಗೆ ಎಳೆದರು. ಅದು ಸಿಟ್ಟಿನಿಂದ ತಿರುಗಿ ಮೇಲಕ್ಕೆ ನಡೆಯಿತು. ಮೂಗಿನ ಮೇಲೆ ಸೆರಗು ಹಿಡಿದು ಇಬ್ಬರೂ ನಕ್ಕರು. ಸಾವಿನ ಮನೆಯ ನಗು ಅದು. ನಕ್ಕದ್ದಕ್ಕೆ ಇಬ್ಬರಿಗೂ ನಾಚಿಕೆಯಾಗಿ, ಸೆರಗು ಸರಿಮಾಡಿಕೊಂಡು ಮುಂದೆ ನಡೆದರು.

ಎವಜ್‌ನ ಗುಪ್ಪೆಗಳು ಅಚ್ಚುಕಟ್ಟಾಗಿದ್ದವು. ಆದರೆ ಒಳಗಿನ ದಂಟುಗಳು ಹೊರಬರಲು ದಾರಿ ಹುಡುಕಿ, ಕೆಲವು ಕಡೆ ತುದಿಯ ಚಪ್ಪಟೆ ಕಲ್ಲನ್ನು ವಾರೆಯಾಗಿ ಎತ್ತಿದ್ದವು. ಸಂದಿನಿಂದ ಹಳದಿ ಎಲೆಯೊಂದು ಮುಷ್ಟಿಯ ಹಾಗೆ ಸುಕ್ಕುಗಟ್ಟಿ ಇಣುಕುತ್ತಿತ್ತು. ಜೇವರ್ ಬಿಸ್ಮಿಲ್ಲಾ ಎಂದು ಮೇಲಿನ ಕಲ್ಲಿಗೆ ಕೈ ಹಾಕಿದಳು. ನೆರಳಿನ ಕಡೆಯಿಂದ ಒಂದೊಂದಾಗಿ ಕಲ್ಲು ಇಳಿಸಿದಳು. ಎಷ್ಟೋ ವರ್ಷದಿಂದ ಮಾಡದ ಕೆಲಸವನ್ನು ಕೈ ಮರೆತಿರಲಿಲ್ಲ. ದಂಟನ್ನು ಬುಡದಲ್ಲಿ ಹಿಡಿದು, ಸ್ವಲ್ಪ ತಿರುವಿ ಎಳೆದರೆ ಚಟ್ಟನೆ ಕಳಚಿಕೊಂಡು ಬರುತ್ತಿತ್ತು. ಹೊರಗಿನವು ಮೆತ್ತಗಾಗಿ ಕೊಳೆತಿದ್ದವು. ನಡುವಿನವು ಮುಂಗೈ ದಪ್ಪಕ್ಕೆ ಬಲಿತಿದ್ದವು. ಬುಡ ಬದುಕಲೆಂದು ಎರಡೆರಡು ದಂಟು ಉಳಿಸಿ, ಕತ್ತರಿಸಿದ ಎಲೆಗಳನ್ನು ಬುಡದ ಮೇಲೆಯೇ ಮುಚ್ಚಿದಳು. ಗುಲಂದಾಮ್ ದಂಟುಗಳನ್ನು ಚಾದರದಲ್ಲಿ ಜೋಡಿಸುತ್ತ ಹೋದಳು.

ಕಲ್ಲು ಇಳಿಸುತ್ತ ಜೇವರ್ ಪ್ರತಿಯೊಂದನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ತನ್ನ ಕಲ್ಲುಗಳು ಇವುಗಳ ನಡುವೆ ಇವೆ. ತಾನು ಹೊತ್ತು ತಂದದ್ದು ಕಂಡರೆ ಕೈಗೆ ಗುರುತು ಸಿಕ್ಕೇ ಸಿಗುತ್ತದೆ ಎಂದು ಇಷ್ಟು ಕಾಲವೂ ನಂಬಿದ್ದಳು. ಗುಲಂದಾಮ್ ಅದನ್ನು ಗಮನಿಸಿದಳು.

"ಜೇವರ್, ಒಂದು ಮಾತು ಹೇಳೋದಿತ್ತು. ಹೋಗೋ ಹಿಂದಿನ ದಿನ ನಿಮ್ಮಣ್ಣ ನಿನ್ನ ಹೆಸರು ತೆಗೆದರು. 'ಕೆಳಗಿನ ಸಾಲು ಜೇವರ್‌ದು, ನಾನು ತಪ್ಪು ಮಾಡಿದೆ' ಅಂದರು."

ಜೇವರ್‌ಳ ಕೈಯಲ್ಲಿದ್ದ ಕಲ್ಲು ಅಲ್ಲೇ ನಿಂತಿತು. ಎದೆಯೊಳಗೆ ಯಾವುದೋ ಗಂಟು ಸಡಿಲವಾದ ಹಾಗಾಯಿತು. ಒಂದು ಉಸಿರಿನಷ್ಟು ಹೊತ್ತು.

"'ತಪ್ಪು ಮಾಡಿದೆ' ಅಂದರಾ?"

"ಅಂದರು."

"ಅದೇ ಮಾತಲ್ಲಿ?"

"ಅದೇ ಮಾತಲ್ಲಿ."

"ಅತ್ತಿಗೆ, ಅಣ್ಣ ಎಡವಿ ಕಾಲು ಮುರಿದುಕೊಂಡಾಗಲೂ ಕಲ್ಲಿನದೇ ತಪ್ಪು ಅಂದವರು. ಸತ್ತವರ ಬಾಯಿಗೆ ನಾವು ಮಾತು ಹಾಕಬಾರದು."

ಗುಲಂದಾಮ್ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲಿಗೆ ತಿಳಿಯಲಿಲ್ಲ.

"ಅನ್ನಲಿಲ್ಲ ಕಣೇ. ಖುದಾ ನನ್ನ ಸುಳ್ಳನ್ನ ಮನ್ನಿಸಲಿ. ಒಂದು ಸಲವೂ ಅನ್ನಲಿಲ್ಲ. ನಾನೇ ಎಷ್ಟು ಸಲ ಹೇಳಿದೆ, ತಂಗಿ ಮನಸ್ಸು ನೋಯಿಸಿದ್ದೀರಿ, ಹೋಗಿ ಒಂದು ಮಾತಾಡಿ ಅಂತ. ಎದ್ದು ಹೊರಗೆ ಹೋಗ್ತಿದ್ದರು."

"ಹಿಂದಿನ ದಿನ ಏನಂದರು ಹಾಗಾದರೆ?"

"'ಹಾಲು ಉಕ್ತಾ ಇದೆ ನೋಡು' ಅಂದರು. ಅಷ್ಟೇ."

ಕೆಳಗೆ ತೊರೆಯ ಸದ್ದು ಸಣ್ಣಗೆ ಕೇಳುತ್ತಿತ್ತು. ಗುಲಂದಾಮ್ ಕಣ್ಣೊರೆಸಿಕೊಂಡು, ಚಾದರದಿಂದ ಒಂದು ದಂಟು ಆರಿಸಿ, ಚಾಕುವಿನಿಂದ ಸಿಪ್ಪೆ ಎಳೆದು ಚಾಚಿದಳು.

"ತಗೋ. ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ ನೀನು."

ಜೇವರ್ ಕೈ ಚಾಚಲಿಲ್ಲ. ಬೆಟ್ಟದ ಮೇಲೆ ರವಾಶ್ ಸುಲಿದು ಕೊಡುವವರು ಅದರ ಒಡೆಯರು, ತೆಗೆದುಕೊಳ್ಳುವವರು ನೆಂಟರು.

"ನಿಮ್ಮ ಕೈಯಿಂದ ತಗೊಂಡರೆ ನಮ್ಮಪ್ಪನ ಇಳುಕಲಿಗೆ ನಾನು ನೆಂಟಳಾಗ್ತೀನಿ ಅತ್ತಿಗೆ. ಅದು ನನ್ನಿಂದ ಆಗೋದಿಲ್ಲ."

ಗುಲಂದಾಮ್ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಚಾಕುವನ್ನು ತಿರುಗಿಸಿ, ಹಿಡಿಯನ್ನು ಅವಳ ಕಡೆ ಮಾಡಿ ಕೊಟ್ಟಳು.

"ಹಾಗಾದರೆ ನೀನು ಸುಲಿದು ಕೊಡು, ನಾನು ತಗೋತೀನಿ. ನಾನು ಈ ಊರಿಗೆ ಹೊರಗಿಂದ ಬಂದವಳೇ ತಾನೇ? ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲ ನಿನ್ನದೇ. ಇವತ್ತು ನಾನು ನಿನ್ನ ನೆಂಟಳು."

ಜೇವರ್ ಚಾಕು ಹಿಡಿದು ಒಂದು ದಂಟು ಸುಲಿದಳು. ತಡವಾದ ದಂಟಿನ ಸಿಪ್ಪೆ ಹಗ್ಗದ ಹಾಗೆ ಉದ್ದುದ್ದ ಬಂತು. ಸುಲಿದು ಗುಲಂದಾಮ್‌ಗೆ ಚಾಚಿದಳು. ಗುಲಂದಾಮ್ ಅದನ್ನು ತೆಗೆದುಕೊಳ್ಳದೆ ಕೈ ತೆರೆದಿಟ್ಟುಕೊಂಡು ಕಾಯುತ್ತ ಕುಳಿತಳು. ಆಗ ಜೇವರ್‌ಗೆ ಹೊಳೆಯಿತು. ಒಡೆಯರಾದವರು ಮೊದಲು ತಾವು ಕಚ್ಚಿ ನೋಡಿ, ಕಹಿಯಿಲ್ಲ, ಕೊಳೆತಿಲ್ಲ ಎಂದು ತಿಳಿದ ಮೇಲೆಯೇ ನೆಂಟರಿಗೆ ಕೊಡಬೇಕು.

ಅವಳು ಕಚ್ಚಿದಳು. ಹುಳಿ ದವಡೆಯ ಮೂಲೆಗೆ ಚುಚ್ಚಿತು, ಕಣ್ಣು ಮುಚ್ಚಿಕೊಂಡವು. ದಂಟು ಎಳೆಯದಾಗಿರಲಿಲ್ಲ. ನಾರು ಹಲ್ಲಿಗೆ ಸಿಕ್ಕಿಕೊಂಡಿತು. ಎಷ್ಟು ಅಗಿದರೂ ಸಿಹಿ ಬರಲಿಲ್ಲ. ಆದರೂ ಅದು ಇದೇ ನೆಲದ ರುಚಿ, ಕರಗಿದ ಹಿಮದ ರುಚಿ. ಅಪ್ಪ ತುಂಡು ಮಾಡಿ ಇಬ್ಬರ ಅಂಗೈಗೂ ಹಾಕುತ್ತಿದ್ದ ರುಚಿ. ಎವಜ್ ತನ್ನದನ್ನು ಬೇಗ ತಿಂದು ಮುಗಿಸಿ ಅವಳದನ್ನು ನೋಡುತ್ತ ಕೂರುತ್ತಿದ್ದ. ಅವಳು ಅದರಲ್ಲಿ ಅರ್ಧ ಮುರಿದು ಕೊಡುತ್ತಿದ್ದಳು.

ಉಳಿದ ದಂಟನ್ನು ಅವಳು ಗುಲಂದಾಮ್‌ಳ ಕೈಗಿಟ್ಟಳು. ಹೋದ ಹಕ್ಕು ಹೀಗೆ ಮರಳಿ ಕೈಗೆ ಬಂದಿತ್ತು. ಬಂದರೆ ಮನಸ್ಸು ತಣ್ಣಗಾಗುತ್ತದೆ ಎಂದುಕೊಂಡಿದ್ದಳು, ಹಾಗಾಗಲಿಲ್ಲ. ಅವಳಿಗೆ ಬೇಕಾಗಿದ್ದುದು ಸಾಲಲ್ಲ, ಅಣ್ಣ ಬಂದು ತಪ್ಪಾಯಿತೆಂದು ಕೇಳಿಕೊಳ್ಳುವುದು. ಇನ್ನು ಅವನು ಬರುವುದಿಲ್ಲ.

ಅವಳು ಕೆಳಗಿನ ಸಾಲಿನ ಕಡೆ ನೋಡಿದಳು. ಯಾರ ಕಲ್ಲೂ ಇಲ್ಲದ ಆ ಗಿಡಗಳು ಮೊರದಗಲದ ಎಲೆ ಬಿಟ್ಟು, ಆಳೆತ್ತರ ಹೂದಂಟು ಎತ್ತಿ, ಕೆಂಪು ಬೀಜದ ಗೊಂಚಲು ಹೊತ್ತು ನಿಂತಿದ್ದವು. ಮತ್ತೆ ಇಳಿಸಿಟ್ಟ ಕಲ್ಲುಗಳ ಕಡೆ ತಿರುಗಿದಳು. ಅಪ್ಪನ ಕಲ್ಲು, ಅಣ್ಣನ ಕಲ್ಲು, ತನ್ನ ಕಲ್ಲು. ಎಷ್ಟು ನೋಡಿದರೂ ತನ್ನದು ಯಾವುದೆಂದು ತಿಳಿಯಲಿಲ್ಲ. ಎಲ್ಲದರ ಮೇಲೂ ಒಂದೇ ಬಣ್ಣದ ಹಾವಸೆ ಬೆಳೆದಿತ್ತು. ಎಂದೋ ಬೆಟ್ಟದಿಂದ ತೊರೆಗೆ ಉರುಳಿದ್ದವು ಅವು. ತೊರೆಯಿಂದ ಮತ್ತೆ ಬೆಟ್ಟಕ್ಕೆ ಬಂದವು. ನಡುವೆ ಒಂದಿಷ್ಟು ಕಾಲ ಅವಳ ಬೆನ್ನ ಮೇಲೆ ಇದ್ದವು. ಇಷ್ಟು ವರ್ಷ ತಾನು ಹೊತ್ತುಕೊಂಡಿದ್ದು ಇವುಗಳನ್ನೇ ಎಂದು ಅವಳಿಗೆ ನಂಬಲು ಕಷ್ಟವಾಯಿತು.

ಅವಳು ನಿಧಾನವಾಗಿ ಎದ್ದು, ಕೆಳಗೆ ಊರಂಚಿನಲ್ಲಿ ಕಾಣುವ ಹೊಸ ಗೋರಿಯ ಕಡೆ ಮುಖ ಮಾಡಿ ನಿಂತಳು. ಬಾಲ್ಯದಲ್ಲಿ ಮನೆಯಿಂದ ಅವನನ್ನು ಕೂಗುತ್ತಿದ್ದಂತೆ ದನಿ ಎತ್ತಿದಳು.

"ಅಣ್ಣಾ, ನೀನು ಮಾಡಿದ್ದು ತಪ್ಪು. ತಪ್ಪು ಅಂತಲೇ ಹೇಳ್ತೀನಿ. ಅತ್ತಿಗೆ ನಿನ್ನ ಪರವಾಗಿ ಸುಳ್ಳು ಹೇಳಿದರು, ಅದು ಬೇಡ. ತಪ್ಪೇ ಅಲ್ಲ ಅಂದರೆ ಬಿಟ್ಟುಕೊಡೋದಕ್ಕೆ ಏನಿರ್ತದೆ? ನೀನು ಕೇಳಲಿಲ್ಲ. ಕೇಳದಿದ್ದರೂ ಬಿಟ್ಟುಕೊಟ್ಟೆ. ಮನಸ್ಸಾರೆ ಬಿಟ್ಟುಕೊಟ್ಟೆ. ನಾನೂ ಒಂದು ಸಲ ಬಂದು ಜಗಳ ಆಡಬೇಕಿತ್ತು, ಆಡಲಿಲ್ಲ. ಅದನ್ನ ನೀನು ಬಿಟ್ಟುಕೊಡು."

ಗುಲಂದಾಮ್ ಬಾಯಲ್ಲಿದ್ದ ನಾರನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಸೆರಗಿನಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಲವತ್ತು ದಿನ ಅತ್ತರೂ ಹೊರಬರದಿದ್ದ ಅಳು ಅದು.

ಬಿಸಿಲು ಇಳುಕಲು ಬಿಟ್ಟು ಸರಿಯುವ ಹೊತ್ತಿಗೆ ಉಳಿದ ಗುಪ್ಪೆಗಳೂ ತೆರೆದವು. ಇಬ್ಬರೂ ಸೇರಿ ಕಲ್ಲುಗಳನ್ನು ಎರಡೂ ಸಾಲಿನ ಗಿಡಗಳ ಸುತ್ತ, ಬರುವ ವರ್ಷ ಯಾರಿಗೆ ಬೇಕಾದರೂ ಕೈಗೆ ಸಿಗುವಂತೆ ಇಟ್ಟರು. ಬಿಟ್ಟ ಕಲ್ಲನ್ನು ಎತ್ತಿದರೆ ತಪ್ಪಲ್ಲ ಎಂದು ಊರಿಗೆ ಹೇಳಿಬಿಡುವುದಾಗಿ ಜೇವರ್ ಹೇಳಿದಳು. ಗುಲಂದಾಮ್ ತಲೆಯಾಡಿಸಿದಳು. ಒಳ್ಳೆಯ ದಂಟುಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಇಳಿದು, ಸತ್ತವನ ಹೆಸರಿನಲ್ಲಿ ಮನೆ ಮನೆಗೆ ಹಂಚಿದರು. "ಇಷ್ಟು ತಡವಾಗಿ ರವಾಶ್? ಹಲ್ಲು ಇರೋರಿಗೆ ಮಾತ್ರ," ಎಂದ ನೌರೂಜ್. ಆದರೂ ತಲೆಗೆ ಒತ್ತಿಕೊಂಡು ತೆಗೆದುಕೊಂಡು, ಎವಜ್‌ನ ಹೆಸರು ಹೇಳಿ ಫಾತಿಹಾ ಓದಿದ.

ಕೊನೆಗೆ ಇಬ್ಬರೂ ಗೋರಿಯ ಬಳಿಗೆ ಹೋದರು. ಮಣ್ಣು ಇನ್ನೂ ಒಣಗಿ ಗಟ್ಟಿಯಾಗಿರಲಿಲ್ಲ. ಜೇವರ್ ಮೊಣಕಾಲೂರಿ, ನೋವಿಗೆ ಹಲ್ಲು ಕಚ್ಚಿ, ರವಾಶ್‌ನ ಹುಳಿ ಇನ್ನೂ ಅಂಟಿದ್ದ ಬೆರಳುಗಳನ್ನು ಗೋರಿಯ ಮೇಲಿಟ್ಟಳು. ಗುಲಂದಾಮ್ ಅವಳ ಪಕ್ಕದಲ್ಲಿ ಕುಳಿತಳು. ಫಾತಿಹಾ ಮುಗಿದ ಮೇಲೆ ಜೇವರ್ ತನ್ನದೇ ಮಾತಿನಲ್ಲಿ ಬೇಡಿಕೊಂಡಳು. ಈ ಸಲ ದನಿ ಬಂತು:

"ಓ ಕರುಣಾಳು, ನನ್ನ ಅಣ್ಣ ಎವಜ್ ನಿನ್ನ ಬಾಗಿಲಿಗೆ ಬಂದಿದ್ದಾನೆ. ಕೇಳಿಕೊಳ್ಳೋದು ಅವನಿಗೆ ಬರೋದಿಲ್ಲ, ಅವನ ಪರವಾಗಿ ನಾವು ಕೇಳ್ತಾ ಇದ್ದೀವಿ. ನನ್ನ ಕಡೆಯಿಂದ ಅವನ ಮೇಲೆ ಯಾವ ಬಾಕಿಯೂ ಇಲ್ಲ. ನಿನ್ನ ಕಡೆಯಿಂದಲೂ ಇಲ್ಲದ ಹಾಗೆ ಮಾಡು. ಅವನ ಗೋರಿಯನ್ನ ಅಗಲ ಮಾಡು, ಬೆಳಕು ಮಾಡು. ಅವನ ಎದೆ ಮೇಲಿನ ಮಣ್ಣನ್ನ ಹಗುರ ಮಾಡು. ನಮ್ಮ ಅಪ್ಪ ಅಮ್ಮ ಇರೋ ಕಡೆ ಅವನನ್ನ ಸೇರಿಸು. ಅವನಿಗೆ ಶಾಂತಿ ಕೊಡು. ಆಮೀನ್."

"ಆಮೀನ್," ಎಂದಳು ಗುಲಂದಾಮ್.